ಹಿರಿಯರ ಬಾಯಿಂದ ಬಿದ್ದದ್ದು

ಟ್ರ್ಯಾಕ್ಟರು ಹೊಲದ ಬದುವಿಗೆ ಬಂದು ನಿಂತಿತು. ಅದರ ಸ್ಪೀಕರ್ ಡಬ್ಬಿಯಿಂದ ಹಾಡು ಒದರುತ್ತಿತ್ತು. ಶುಂಠಿ ಕೀಳುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ಭೂದೇವಿಯ ಕಡೆ ನೋಡಿದರು. ಭೂದೇವಿ ತಲೆ ಎತ್ತಲಿಲ್ಲ. ಹಾಡು ಅವಳದು.

ಅವಳದು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತು. ಕೊಹೀರ್ ಸುತ್ತಿನ ಹೊಲಗಳಲ್ಲಿ ಹತ್ತು ವರ್ಷದಿಂದ ಅವಳ ಬಾಯಿಂದಲೇ ಅದನ್ನು ಕೇಳಿದವರು ಅವರು. ಆದರೆ ಡಬ್ಬಿಯಲ್ಲಿ ಹಾಡುತ್ತಿದ್ದವಳು ಯಾವಳೋ ಹೈದರಾಬಾದಿನ ಹುಡುಗಿ. ಹಿಂದೆ ಡೋಲು, ಕೀಬೋರ್ಡು. ನಡುವೆ ಒಬ್ಬ ಶಿಳ್ಳೆ ಹೊಡೆಯುತ್ತಾನೆ. ಮೂರನೆಯ ನುಡಿ ಬರುವ ಹೊತ್ತಿಗೆ ಭೂದೇವಿ ಕೈಯಲ್ಲಿದ್ದ ಗಡ್ಡೆಯನ್ನು ಹಾಗೇ ಹಿಡಿದು ಕಾದಳು. ಆ ನುಡಿ ಬರಲಿಲ್ಲ. ಅದರ ಜಾಗದಲ್ಲಿ ಗೆಜ್ಜೆ ಬಂತು.

ಗೆಜ್ಜಿ ಕಟ್ಟಿದ ಕಾಲು ಗಲ್ ಗಲ್ಲು ಅಂದಾಗ
ಹಾಸಗಲ್ಲಿಗೂ ಪ್ರೀತಿ – ಎಲೆ ಕಲ್ಲ
ನಿನಗೂ ಹುಡುಗಿ ಬೇಕೇನ?

"ನಿಮ್ಮವ್ವ ಎಲ್ಲಿ ಹೋದಳ ಭೂದೇವಿ?" ಅಂತ ಪಕ್ಕದ ಸಾಲಿನಿಂದ ಸುಭದ್ರಮ್ಮ ಕೇಳಿದಳು. ಕುರಿ ಕಾಯುವ ಮನೆಯ ಹೆಂಗಸು ಅವಳು; ಶುಂಠಿ ಸುಗ್ಗಿಗೆ ಮಾತ್ರ ಕೂಲಿಗೆ ಬರುತ್ತಾಳೆ. "ಕಲ್ಲ ತುಳಿಯೋ ಮಾತೇ ಬರಲಿಲ್ಲಲ್ಲ."

"ತಗದಾರ," ಅಂದಳು ಭೂದೇವಿ. "ನಮ್ಮವ್ವನ್ನ ತಗದ ಒಗದಾರ."

ಶುಂಠಿ ಕೀಳುವುದು ಎಂಥ ಕೆಲಸ ಅಂತ ಅಡುಗೆಮನೆಯಲ್ಲಿ ಚಹಾಕ್ಕೆ ಜಜ್ಜುವವರಿಗೆ ಗೊತ್ತಿಲ್ಲ. ಗುದ್ದಲಿಯಿಂದ ಮಣ್ಣು ಸಡಿಲಿಸಬೇಕು. ಗಡ್ಡೆ ಎತ್ತಬೇಕು. ಸಂದುಸಂದಿನ ಮಣ್ಣನ್ನು ಬೆರಳಿಂದಲೇ ಬಿಡಿಸಬೇಕು. ಗಡ್ಡೆ ಮುರಿದರೆ ರಸ ಬರುತ್ತದೆ. ಮೂರನೆಯ ದಿನಕ್ಕೆ ಉಗುರಿನ ಬುಡ ಉರಿಯುತ್ತದೆ. ಐದನೆಯ ದಿನಕ್ಕೆ ಬೆರಳ ತುದಿಯ ಚರ್ಮ ಸುಲಿಯುತ್ತದೆ. ಬೆವರು ಅಂತ ಕಣ್ಣು ಮುಟ್ಟಿಕೊಂಡರೆ ಅರ್ಧ ಗಂಟೆ ಕುರುಡು. ಹೊಲದಲ್ಲಿ ಹೆಂಗಸರು ಹಾಡುವುದು ಸಂತೋಷಕ್ಕೆ ಅಂತ ಬರೆಯುವವರು ಇದ್ದಾರೆ. ಅವರು ಒಂದು ದಿನ ಬಂದು ಕಿತ್ತು ನೋಡಲಿ.

ಭೂದೇವಿಯ ತವರು ತಾಂಡೂರಿನ ಕಡೆ. ಅವ್ವ ಈಶಮ್ಮ ಕಲ್ಲಿನ ಗಣಿಯಲ್ಲಿ ಹಾಸುಗಲ್ಲು ಹೊರುತ್ತಿದ್ದಳು. ಇಪ್ಪತ್ತಾರು ವರ್ಷ ಹೊತ್ತಳು. ನೆತ್ತಿಯಲ್ಲಿ ಅಂಗೈಯಗಲ ಕೂದಲೇ ಇರಲಿಲ್ಲ. ಒಮ್ಮೆ ಒಬ್ಬ ದೊಡ್ಡ ಮನುಷ್ಯನ ಹೊಸ ಮನೆಗೆ ಅವಳೇ ಕಲ್ಲು ಹೊತ್ತು ಹಾಕಿದಳು. ನಾಲ್ಕು ದಿನ ಒಳಗೂ ಹೊರಗೂ ಓಡಾಡಿದಳು. ಐದನೆಯ ದಿನ ಕಲ್ಲು ಹಾಸಿಯಾಗಿತ್ತು. ಕೂಲಿ ಇಸಿದುಕೊಳ್ಳಲು ಪಡಸಾಲೆಗೆ ಕಾಲಿಟ್ಟಳು. ಮನೆಯೊಡತಿ ಕೂಗಿಕೊಂಡಳು. ಈಶಮ್ಮನ ಕೈಗೇ ಬಿಂದಿಗೆ ಕೊಟ್ಟು, ಅವಳು ತುಳಿದ ಕಲ್ಲನ್ನು ಅವಳಿಂದಲೇ ತೊಳೆಸಿದರು. ಭೂದೇವಿಗೆ ಆಗ ಒಂಬತ್ತು ವರ್ಷ. ಬಾಗಿಲ ಹೊರಗೆ ನಿಂತು ನೋಡಿದ್ದಳು.

ಅವ್ವ ಸತ್ತ ವರ್ಷ ಭೂದೇವಿ ಈ ಹಾಡು ಕಟ್ಟಿದಳು. ಮೊದಲೆರಡು ನುಡಿ ಗಣಿಯ ಬಿಸಿಲು, ಸಿಂಬಿ, ಕುತ್ತಿಗೆ ನೋವು. ಮೂರನೆಯದು ಇದು:

ತಲಿಮ್ಯಾಲ ಕುಂತಾಗ ಮೈಲಿಗಿ ಇರಲಿಲ್ಲ
ನೆಲಕ ಹಾಸಿದ್ರ ಮೈಲಿಗಿ – ಎಲೆ ಕಲ್ಲ
ನನ ಕಾಲ ನಿನಗ ಸುಡತಾವ?

ಹಾಡು ಇರುವುದೇ ಈ ಮೂರು ಸಾಲಿಗೆ. ಉಳಿದದ್ದೆಲ್ಲ ಅಲ್ಲಿಗೆ ನಡೆದು ಹೋಗುವ ದಾರಿ.

ಆದರೆ ಕಟ್ಟಿದೆ ಅಂತ ಭೂದೇವಿ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಬಾರದು. ಅದು ಆ ಕೇರಿಗಳ ಪದ್ಧತಿ. ಹೊಲದಲ್ಲಿ ಯಾರೇ ಹಾಡು ಎತ್ತಲಿ, ಮೊದಲು ಎರಡೂ ಕಿವಿ ಮುಟ್ಟಿಕೊಂಡು ಅನ್ನಬೇಕು: "ನಂದಲ್ರವ್ವಾ, ಹಿರ್ಯಾರ ಬಾಯಿಂದ ಬಿದ್ದದ್ದು, ಆರಿಸಿಕೊಂಡೀನಿ." ನನ್ನದು ಅಂದರೆ ದನಿ ಒಣಗುತ್ತದೆ, ಗಂಟಲು ಬಿಗಿಯುತ್ತದೆ ಅಂತ ನಂಬಿಕೆ. ಈಶಮ್ಮ ಹಾಗೇ ಕಲಿಸಿದ್ದಳು. ಸುಭದ್ರಮ್ಮ ಕರಿ ಕಂಬಳಿಯ ಹಾಡು ಎತ್ತುವಾಗಲೂ ಹಾಗೇ ಅನ್ನುತ್ತಾಳೆ. ನೆಲ ನನ್ನದು ಅನ್ನಲು ಇಲ್ಲದವರು, ಮನೆ ನನ್ನದು ಅನ್ನಲು ಇಲ್ಲದವರು, ಹಾಡನ್ನೂ ನನ್ನದು ಅನ್ನಬಾರದು ಅಂತ ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದಾರೆ. ಇದನ್ನು ನೆನೆದರೆ ಸಿಟ್ಟು ಬರುತ್ತದೆ.

ಹಾಡು ಕೈತಪ್ಪಿದ್ದು ಹೋದ ವರ್ಷ, ಜಹೀರಾಬಾದಿನಲ್ಲಿ.

ಕರೆದುಕೊಂಡು ಹೋದವನು ಪ್ರೇಮಕುಮಾರ, ಭೂದೇವಿಯ ಅಣ್ಣನ ಮಗ. ನಾರಾಯಣಖೇಡ್ ಡಿಪೋದಲ್ಲಿ ಬಸ್ ಕಂಡಕ್ಟರ್. ಓದಿದವನು. ಮನೆಯಲ್ಲಿ ಬುದ್ಧನ ಮೂರ್ತಿ, ಬಾಬಾಸಾಹೇಬರ ಪಟ ಇಟ್ಟುಕೊಂಡವನು. "ಅತ್ತಿ, ನಿನ್ನ ಹಾಡ ರೆಕಾರ್ಡ ಮಾಡ್ತಾರಂತ. ಹೊನ್ನತೆನಿ ಆಡಿಯೋದವರು. ವೀರಶೆಟ್ಟಿ ಸಾಹೇಬ್ರು ಭಾಳ ಒಳ್ಳೆವ್ರು," ಅಂದಿದ್ದ.

ಒಳ್ಳೆಯವರು ಅಂದ ಕೂಡಲೇ ಭೂದೇವಿಗೆ ಅನುಮಾನ ಹುಟ್ಟಿತ್ತು. ಅವಳ ಆಯುಷ್ಯದಲ್ಲಿ ಒಳ್ಳೆಯವರು ಅಂತ ಮೊದಲೇ ಹೇಳಿಸಿಕೊಂಡು ಬಂದವರು ಯಾರೂ ಒಳ್ಳೆಯವರಾಗಿ ಉಳಿದಿದ್ದಿಲ್ಲ. ಹೊನ್ನತೆನಿಯವರ ಮಹಡಿ ಮೆಟ್ಟಿಲು ಹತ್ತುವಾಗಲೇ ಕಣ್ಣು ಎಲ್ಲ ಕಡೆ ಹಾಯಿಸಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುತ್ತಾರೋ. ಫೋಟೊ ತೆಗೆದು ಎಲ್ಲಾದರೂ ಅಂಟಿಸುತ್ತಾರೋ. ಎಲ್ಲಕ್ಕಿಂತ ಹೆಚ್ಚಾಗಿ ಹುಡುಕಿದ್ದು ಬೇರೆ ಗ್ಲಾಸು. ಚಹಾ ತಂದಾಗ ಗೊತ್ತಾಗುತ್ತದೆ, ತನಗೆ ಯಾವುದರಲ್ಲಿ ತರುತ್ತಾರೆ ನೋಡೋಣ ಅಂತ ಕಾದಳು.

ಚಹಾ ಬಂತು. ಒಂದೇ ತಟ್ಟೆಯಲ್ಲಿ ನಾಲ್ಕು ಬಿಳಿ ಕಪ್, ನಾಲ್ಕಕ್ಕೂ ನೀಲಿ ಹೂವು. ಭೂದೇವಿ ಪರೀಕ್ಷೆಗೆಂದೇ ವೀರಶೆಟ್ಟಿಯ ಕೈ ಹತ್ತಿರವಿದ್ದ ಕಪ್ ಎತ್ತಿಕೊಂಡಳು. ಅವನು ಏನೂ ಅನ್ನಲಿಲ್ಲ. ಪಕ್ಕದ್ದು ತೆಗೆದುಕೊಂಡು ಕುಡಿದ. ಕಪ್ಪುಗಳು ಒಟ್ಟಿಗೇ ಒಳಗೆ ಹೋದವು. ಒಂದೇ ನಲ್ಲಿಯ ಕೆಳಗೆ ತೊಳೆಯುವ ಸದ್ದು ಕೇಳಿತು. ಅಲ್ಲಿಗೆ ಅವಳ ಅನುಮಾನ ಸತ್ತಿತು.

ಆಮೇಲೆ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ನಾಲ್ಕು ಹಾಳೆ. ಎಲ್ಲ ಹಾಳೆಗೂ ಸಹಿ ಹಾಕಿದಳು. ಪ್ರೇಮಕುಮಾರ ಸಾಕ್ಷಿ ಹಾಕಿದ. ಒಂದು ಕಪ್ ಚಹಾಕ್ಕೆ ಹಾಡು ಹೋಯಿತೇ ಅಂತ ನಗಬೇಡಿ. ನಿಮಗೆ ಯಾರೂ ಬೇರೆ ಗ್ಲಾಸು ಇಟ್ಟಿಲ್ಲ. ಇಟ್ಟಿದ್ದರೆ ನೀವೂ ಗ್ಲಾಸನ್ನೇ ನೋಡುತ್ತಿದ್ದಿರಿ, ಕಾಗದವನ್ನಲ್ಲ.

ಮೈಕಿನ ಮುಂದೆ ನಿಲ್ಲಿಸಿದರು. ಎದುರಿಗೆ ಕ್ಯಾಮೆರಾ. ಭೂದೇವಿ ರೂಢಿಯಂತೆ ಕಿವಿ ಮುಟ್ಟಿಕೊಂಡಳು. "ನಂದಲ್ರವ್ವಾ, ಹಿರ್ಯಾರ ಬಾಯಿಂದ ಬಿದ್ದದ್ದು, ಆರಿಸಿಕೊಂಡೀನಿ."

ವೀರಶೆಟ್ಟಿ ಕುರ್ಚಿಯಿಂದ ಮುಂದೆ ಬಾಗಿದ. "ಏನಂದ್ರಿ? ಇನ್ನೊಮ್ಮೆ ಅನ್ರಿ. ಜೋರಾಗಿ ಅನ್ರಿ."

ಅವಳು ಇನ್ನೊಮ್ಮೆ ಅಂದಳು. ಜೋರಾಗಿ.

ಹಾಡಿದಳು. ಇದು ಬರೀ ಟ್ರಯಲ್ ಅಂದರು. ಒಂದು ಸೀರೆ, ಕಾಗದದ ಜೆರಾಕ್ಸು, ಬಸ್ ಚಾರ್ಜು ಕೊಟ್ಟು ಕಳಿಸಿದರು. ಹನ್ನೊಂದು ತಿಂಗಳ ಮೇಲೆ ಹಾಡು ಟ್ರ್ಯಾಕ್ಟರಿನಲ್ಲಿ ಬಂತು.

ಅವತ್ತು ಸಂಜೆ ಭೂದೇವಿಯ ಮಗಳು ರಜನಿ ಫೋನು ತೆರೆದು ತೋರಿಸಿದಳು. ಅವಳು ಊರಲ್ಲೇ ಅಂಗನವಾಡಿ ಟೀಚರ್. ಹಾಡಿನ ಕೆಳಗೆ ಬರೆದಿತ್ತು: ಜಾನಪದ. ಸಂಗ್ರಹ ಮತ್ತು ಪರಿಷ್ಕರಣೆ: ವೀರಶೆಟ್ಟಿ. ಭೂದೇವಿಯ ಹೆಸರು ಎಲ್ಲೂ ಇಲ್ಲ. ಈಶಮ್ಮನ ಹೆಸರು ಕೇಳುವುದೇ ಬೇಡ. ನಲವತ್ತು ಲಕ್ಷ ಜನ ನೋಡಿದ್ದರು.

"ನೀ ಖರೇ ಹಾಡ ಹಾಡವ್ವಾ, ನಾ ಹಾಕ್ತೀನಿ," ಅಂದಳು ರಜನಿ. ಮರುದಿನ ಮನೆಯ ಮುಂದೆ ಕೂತು ಭೂದೇವಿ ಪೂರ್ತಿ ಹಾಡಿದಳು, ಮೂರನೆಯ ನುಡಿಯನ್ನು ಎರಡು ಸಲ ಹಾಡಿದಳು. ರಜನಿ ತನ್ನ ಪುಟ್ಟ ಚಾನೆಲ್ಲಿಗೆ ಹಾಕಿದಳು. ನಾಲ್ಕು ದಿನ ಇತ್ತು. ಐದನೆಯ ದಿನ ತೆಗೆದರು. ಈ ಹಾಡು ಹೊನ್ನತೆನಿ ಆಡಿಯೋದ ಸ್ವತ್ತು, ನೀವು ಅನುಮತಿ ಇಲ್ಲದೆ ಬಳಸಿದ್ದೀರಿ, ಇನ್ನೊಮ್ಮೆ ಹೀಗೆ ಮಾಡಿದರೆ ಚಾನೆಲ್ಲೇ ಮುಚ್ಚುತ್ತದೆ ಅಂತ ಸಂದೇಶ ಬಂತು.

ರಜನಿ ಓದಿ ಹೇಳಿದಾಗ ಭೂದೇವಿ ಎರಡು ಸಲ ಕೇಳಿದಳು. "ನಾ ಕದ್ದೀನಂತ?"

"ಹೂಂ ಅವ್ವಾ."

"ನಮ್ಮವ್ವನ ಹಾಡ ನಾ ಕದ್ದೀನಂತ?"

ಅವಮಾನಕ್ಕೆ ಭೂದೇವಿಯ ಕಿವಿ ಬಿಸಿಯಾದವು. ಅವ್ವನ ಕೈಗೆ ಬಿಂದಿಗೆ ಕೊಟ್ಟ ದಿನ ಹೀಗೇ ಆಗಿತ್ತು. ತುಳಿದವಳೂ ಅವಳೇ, ತೊಳೆಯಬೇಕಾದವಳೂ ಅವಳೇ.

ಮೊದಲ ಅನುಮಾನ ಅಣ್ಣನ ಮಗನ ಮೇಲೇ. ಭೂದೇವಿ ಒಂದು ದಿನದ ಕೂಲಿ ಬಿಟ್ಟು ನಾರಾಯಣಖೇಡಿಗೆ ಹೋದಳು. ಬಸ್ ನಿಲ್ದಾಣದಲ್ಲಿ ಪ್ರೇಮಕುಮಾರ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಜನರ ನಡುವೆಯೇ ಕೇಳಿದಳು.

"ನಿನಗೆಷ್ಟ ಕೊಟ್ಟಾರ ಹೇಳು."

"ಅತ್ತಿ, ಇಲ್ಲಿ ಬ್ಯಾಡ."

"ಇಲ್ಲೇ ಹೇಳು. ಸಾಕ್ಷಿ ಸೈ ಹಾಕಿದಿ. ಎಷ್ಟಕ್ಕ ಹಾಕಿದಿ?"

ಪ್ರೇಮಕುಮಾರನ ಮುಖ ಬಿಳಚಿಕೊಂಡಿತು. "ಒಂದ ಟೀ-ಶರ್ಟ ಕೊಟ್ಟಾರ," ಅಂದ. "ಹೊನ್ನತೆನಿ ಅಂತ ಬರದದ ಅದರ ಮ್ಯಾಲ." ಟಿಕೆಟ್ ಚೀಲ ಸರಿಮಾಡಿಕೊಂಡು ಮತ್ತೆ ಅಂದ: "ನನ್ನವೂ ಆರು ಹಾಡ ಅವರ ಹತ್ರ ಅವ ಅತ್ತಿ. ಬಾಬಾಸಾಹೇಬರ ಮ್ಯಾಲ ಬರದದ್ದು. ಕೇಳಿದ್ರ ಫೋನ ಎತ್ತವಲ್ರು."

ಭೂದೇವಿ ಅವನನ್ನು ದಿಟ್ಟಿಸಿ ನೋಡಿದಳು. ಸುಳ್ಳು ಹೇಳುವವನು ಟೀ-ಶರ್ಟಿನ ಮಾತು ಆಡುವುದಿಲ್ಲ ಅನ್ನಿಸಿತು. ಆದರೂ ಪೂರ್ತಿ ನಂಬಲಿಲ್ಲ. ಅವನೇ ತಾಂಡೂರಿನ ವಕೀಲೆಯೊಬ್ಬಳ ನಂಬರು ಕೊಟ್ಟ. ಶಿಲ್ಪಾರಾಣಿ ಅಂತ, ನಮ್ಮ ಪೈಕಿಯೇ, ಅಂದ.

ಶಿಲ್ಪಾರಾಣಿಯ ಕಚೇರಿ ಅಂದರೆ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆ. ವಯಸ್ಸು ಮೂವತ್ತು ದಾಟಿಲ್ಲ. ನಾಲ್ಕು ಹಾಳೆಯನ್ನೂ ಓದಿದಳು. ಓದುತ್ತ ಒಂದೆರಡು ಕಡೆ ನಕ್ಕಳು. ಭೂದೇವಿಗೆ ಆ ನಗು ಹಿಡಿಸಲಿಲ್ಲ.

"ಮೊದಲ ಇದ ಹೇಳು," ಅಂದಳು ಭೂದೇವಿ. "ಇದರಾಗ ನಿನಗೇನ ಲಾಭ?"

ವಕೀಲೆ ತಲೆ ಎತ್ತಿದಳು. "ನನಗ ಹೆಸರ ಬರ್ತದಕ್ಕಾ. ಹಾಡಿನ ಕೇಸ ಈ ಕಡಿ ನಾ ಕಂಡಂಗ ಯಾರೂ ಹಾಕಿಲ್ಲ. ಗೆದ್ರ ಹತ್ತ ಮಂದಿ ನನ್ನ ಹುಡಿಕ್ಕೊಂಡ ಬರ್ತಾರ."

ತನಗೆ ಬೇಕಾದದ್ದನ್ನು ಮುಖಕ್ಕೆ ಹೇಳಿದ ಮೊದಲನೆಯವಳು ಅವಳು. ಭೂದೇವಿ ಕುರ್ಚಿ ಎಳೆದುಕೊಂಡು ಕೂತಳು.

"ನೋಡಕ್ಕಾ, ಒಂದ ಹಾಡಿಗಿ ಎರಡ ಸ್ವತ್ತು ಇರ್ತಾವ," ಅಂದಳು ಶಿಲ್ಪಾರಾಣಿ. "ಕಟ್ಟಿದ ಹಾಡ ಒಂದು. ಅದನ್ನ ಮಷೀನಿನಾಗ ಹಿಡದದ್ದು ಒಂದು. ಹಿಡದದ್ದು ಕಂಪನಿಯವರದು, ಆತು, ಅವರ ಖರ್ಚು ಮಾಡ್ಯಾರ. ಕಟ್ಟಿದ್ದು ಕಟ್ಟಿದವರದು."

"ಅಂದ್ರ ಕಲ್ಲು ಬ್ಯಾರೆ, ಪಾಲೀಸ ಬ್ಯಾರೆ."

"ಹಾಂ. ಅದೇ. ಪಾಲೀಸ ಮಾಡಿದವ ಗಣಿನೂ ನಂದೇ ಅನ್ನಾಕತ್ಯಾನ." ಅವಳು ಎರಡನೆಯ ಹಾಳೆಯ ಮೇಲೆ ಬೆರಳಿಟ್ಟಳು. "ಇಲ್ಲಿ ನೀ ಕಟ್ಟಿದ್ದನ್ನೂ ಬರದ ಕೊಟ್ಟೀದಿ. ಕಾಯಂ. ಆದ್ರ ಕಾನೂನಿನಾಗ ಒಂದ ಮಾತ ಅದ. ಕಟ್ಟಿದವರ ಪಾಲು ಅಂತ ಇರ್ತದ, ಅರ್ಧ. ಅದನ್ನ ನೀ ಸೈ ಹಾಕಿ ಕೊಟ್ರೂ ಕಂಪನಿಗಿ ಹೋಗಂಗಿಲ್ಲ. ನಿನ್ನ ಹೆಸರೂ ಅಷ್ಟೇ. ಹಾಡ ಕೆಡಿಸಿದ್ರ ಕೇಳೋ ಹಕ್ಕೂ ಅಷ್ಟೇ. ಇವು ಮಾರಾಟಕ್ಕ ಇಲ್ಲ."

"ಹಂಗಿದ್ರ ಅವ ಹೆಂಗ ನುಂಗಿದ?"

"ಕಟ್ಟಿದವರೇ ಇಲ್ಲ ಅಂದಾನ. ಕಟ್ಟಿದವರ ಇದ್ರ ಅಲ್ಲೇನ ಪಾಲ ಕೊಡೋದು? ಜಾನಪದ ಅಂದ್ರ ಮುಗೀತು. ತಾ ತಿದ್ದೀನಿ ಅಂತ ಕಟ್ಟಿದವರ ಪಾಲೂ ತಾನೇ ಬರಸಿಕೊಂಡಾನ, ಉಳಿದ ಅರ್ಧ, ಹಾಡ ಹೊರಗ ತಂದ ಪ್ರಕಾಶಕರ ಪಾಲೂ ತಾನೇ. ಹಾಡ ಎಲ್ಲಿ ಬಾರಿಸಿದ್ರೂ ಎರಡೂ ಕಡಿಯಿಂದ ಒಬ್ಬನ ಮನಿಗಿ." ಶಿಲ್ಪಾರಾಣಿ ಫೋನು ಮುಂದೆ ಹಿಡಿದಳು. "ಸಾಕ್ಷಿ ಏನು ಗೊತ್ತೇನ? ನಿಂದೇ ವಿಡಿಯೊ. ನೀ ಫೋನ ಮಾಡಿದ ದಿನಾನೇ ಅವನ್ನ ಕೇಳಿದ್ದೆ, ಕೂಡಲೇ ಕಳಿಸ್ಯಾನ."

ಫೋನಿನಲ್ಲಿ ಭೂದೇವಿ ಕಿವಿ ಮುಟ್ಟಿಕೊಳ್ಳುತ್ತಿದ್ದಳು. ನಂದಲ್ರವ್ವಾ, ಹಿರ್ಯಾರ ಬಾಯಿಂದ ಬಿದ್ದದ್ದು. ಜೋರಾಗಿ, ಸ್ಪಷ್ಟವಾಗಿ.

ಇನ್ನೊಮ್ಮೆ ಅನ್ರಿ ಅಂದದ್ದು ಯಾಕೆ ಅಂತ ಅವಳಿಗೆ ಈಗ ಹೊಳೆಯಿತು. ಅವನಿಗೆ ಪದ್ಧತಿ ಗೊತ್ತಿತ್ತು. ಈ ಸೀಮೆಯಲ್ಲೇ ಹುಟ್ಟಿ ಬೆಳೆದವನು. ಹೊಲದ ಬದುವಿನಲ್ಲಿ ನಿಂತು ಕೂಲಿ ಹೆಂಗಸರ ಹಾಡು ಕೇಳಿದವನು. ಇವರು ಯಾವತ್ತೂ ನನ್ನದು ಅನ್ನುವುದಿಲ್ಲ ಅನ್ನುವುದನ್ನು ನಂಬಿಕೊಂಡೇ ಅಂಗಡಿ ತೆರೆದವನು.

"ಎಲ್ಲರೂ ಹಂಗೇ ಅಂತಾರ," ಅಂದಳು ಭೂದೇವಿ. "ಅದು ಪದ್ಧತಿ."

"ನನಗ ಗೊತ್ತದಕ್ಕಾ. ಜಡ್ಜ ಸಾಹೇಬ್ರಿಗಿ ಗೊತ್ತಿಲ್ಲ."

ನೋಟಿಸು ಹೋಯಿತು. ಹದಿನೈದು ದಿನಕ್ಕೆ ವೀರಶೆಟ್ಟಿಯ ಫೋನು ಬಂತು, ರಜನಿಗೆ. ದನಿಯಲ್ಲಿ ಬೆಣ್ಣೆ. ಅಮ್ಮನ್ನ ಕರಕೊಂಡು ಬಾಮ್ಮಾ, ವಕೀಲರು ಯಾಕ ನಮ್ಮ ನಮ್ಮೊಳಗ, ಅಂದ. ಹೋಗಬೇಡ ಅಂದಳು ಶಿಲ್ಪಾರಾಣಿ. ಹೋದರೂ ಯಾವುದಕ್ಕೂ ಸಹಿ ಹಾಕಬೇಡ ಅಂದಳು. ಭೂದೇವಿಗೆ ಅವನ ಮುಖ ನೋಡಬೇಕಿತ್ತು. ಹೋದಳು. ಜೊತೆಗೆ ರಜನಿ, ರಜೆ ಹಾಕಿ ಬಂದ ಪ್ರೇಮಕುಮಾರ.

ಈ ಸಲ ಮೇಜಿನ ಮೇಲೆ ಶಾಲು, ಹಾರ, ಒಂದು ಹಣ್ಣಿನ ಬುಟ್ಟಿ. ಕಾಗದ ಈಗ ಕನ್ನಡದಲ್ಲಿ, ಪಕ್ಕದಲ್ಲಿ ತೆಲುಗಿನಲ್ಲಿ. ಕ್ಯಾಮೆರಾ ಮೊದಲೇ ನಿಲ್ಲಿಸಿ ಇಟ್ಟಿತ್ತು. ಅದರ ಹಿಂದೆ ಸಾಯಪ್ಪ ಅನ್ನುವ ಕೆಲಸದವನು. ಚಹಾ ಬಂತು. ಅದೇ ನೀಲಿ ಹೂವಿನ ಕಪ್ಪುಗಳು. ಭೂದೇವಿ ಮುಟ್ಟಲಿಲ್ಲ.

"ತಗೋರಿ ತಾಯಿ," ಅಂದ ವೀರಶೆಟ್ಟಿ. "ನಮ್ಮಲ್ಲಿ ಭೇದಭಾವ ಇಲ್ಲ."

"ನೋಡೀನಿ," ಅಂದಳು ಅವಳು. "ಹೋದ ಸಲ ನೋಡೀನಿ."

ಅವನು ವಿಷಯಕ್ಕೆ ಬಂದ. ಒಂದು ಸಿನಿಮಾ ಕಂಪನಿಯವರು ಹಾಡು ಕೇಳಿದ್ದಾರೆ. ಅವರ ವಕೀಲರು ಬಹಳ ಕಟ್ಟುನಿಟ್ಟು. ನೋಟಿಸಿನ ಸುದ್ದಿ ಅವರಿಗೂ ಮುಟ್ಟಿದೆ. ಈ ಹಾಡಿಗೆ ಕಟ್ಟಿದವರು ಯಾರೂ ಇಲ್ಲ, ಹಿಂದಿನಿಂದ ಬಂದದ್ದು ಅಂತ ಭೂದೇವಿ ಇನ್ನೊಮ್ಮೆ ಕ್ಯಾಮೆರಾದ ಮುಂದೆ ಹೇಳಿ ಸಹಿ ಹಾಕಿದರೆ ಸಾಕು. ಹಾಡಿನ ಕೆಳಗೆ 'ಹಾಡಿ ತೋರಿಸಿದವರು: ಭೂದೇವಿ' ಅಂತ ಹಾಕಿಸುತ್ತಾನೆ. ಒಂದು ಲಕ್ಷ ಇವತ್ತೇ ಕೊಡುತ್ತಾನೆ. ಮನೆಗೆ ಸ್ಲ್ಯಾಬು ಹಾಕಿಸಿಕೊಳ್ಳಿ ಅಂದ.

ರಜನಿ ಅವ್ವನ ಮುಖ ನೋಡಿದಳು. ಮಳೆಗಾಲದಲ್ಲಿ ಎಲ್ಲಿ ಎಲ್ಲಿ ಪಾತ್ರೆ ಇಡಬೇಕು ಅಂತ ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

"ಕಟ್ಟಿದವರ ಇಲ್ಲದ ಹಾಡ ನೀ ಹೆಂಗ ಮಾರ್ತಿ?" ಅಂದಳು ಭೂದೇವಿ.

ವೀರಶೆಟ್ಟಿಯನ್ನು ಆ ಕೋಣೆಯಲ್ಲಿ ಅವಳ ಪೈಕಿಯವರು ಯಾರೂ ಏಕವಚನದಲ್ಲಿ ಮಾತಾಡಿಸಿರಲಿಲ್ಲ. ಅವನು ನುಂಗಿಕೊಂಡ. "ನಾವು ಪರಿಷ್ಕರಣ ಮಾಡೀವಿ ತಾಯಿ."

"ನಮ್ಮವ್ವನ್ನ ತಗದದ್ದು ಪರಿಷ್ಕರಣೇನು?"

"ಮೈಲಿಗಿ ಗೀಲಿಗಿ ಅಂದ್ರ ಮದುವಿ ಮೆರವಣಿಗ್ಯಾಗ ಯಾರ ಹಾಕ್ತಾರ ಹೇಳ್ರಿ? ಜನ ಕುಣೀಬೇಕಲ್ಲ." ಅವನು ನಕ್ಕ. "ನಾ ಏನ ಹೊಸಾ ಮಾತ ಕೇಳಾಕತ್ತಿಲ್ಲ. ನೀವು ದಿನಾ ಹೊಲದಾಗ ಅನ್ನೋ ಮಾತೇ. ಕಿವಿ ಮುಟ್ಕೊಂಡ ಅನ್ರಿ. ಅಷ್ಟೇ. ಸಾಯಪ್ಪಾ, ಚಾಲೂ ಮಾಡು."

ಕ್ಯಾಮೆರಾದ ಮೇಲೆ ಕೆಂಪು ದೀಪ ಹತ್ತಿತು.

ಭೂದೇವಿಯ ಕೈ ತನ್ನಷ್ಟಕ್ಕೆ ಕಿವಿಯ ಕಡೆ ಏರಿತು. ನಲವತ್ತು ವರ್ಷದ ರೂಢಿ ಅದು. ಅರ್ಧಕ್ಕೆ ಹೋದ ಕೈಯನ್ನು ಅವಳು ನೋಡಿದಳು. ಬೆರಳ ತುದಿಗಳಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಇನ್ನೂ ಶುಂಠಿಯ ವಾಸನೆ ಇತ್ತು. ಕೈ ಕೆಳಗೆ ಬಂತು.

ಹೆದರಿಕೆ ಆಯಿತು. ಸುಳ್ಳು ಹೇಳುವುದು ಯಾಕೆ, ಬಹಳ ಹೆದರಿಕೆ ಆಯಿತು. ವೀರಶೆಟ್ಟಿಗಲ್ಲ. ನನ್ನದು ಅಂದವಳ ದನಿ ಒಣಗುತ್ತದೆ ಅಂತ ಹೇಳಿದ್ದವಳು ಸ್ವಂತ ಅವ್ವ. ಈ ಗಂಟಲು ಬಿಟ್ಟರೆ ಭೂದೇವಿಯ ಹತ್ತಿರ ಬೇರೆ ಏನಿದೆ? ಅದೂ ಹೋದರೆ? ಆಮೇಲೆ ನೆಲ ಕಂಡಿತು. ಕೋಣೆಯ ನೆಲಕ್ಕೆ ಹಾಸಿದ್ದು ತಾಂಡೂರಿನ ಕಲ್ಲು. ಎಂಥವನಿಗೂ ಗುರುತು ಸಿಗುವ ಬೂದು ನೀಲಿ. ಯಾವಳು ಹೊತ್ತಿದ್ದಳೋ. ಹೊತ್ತವಳು ಇದು ನಾನು ಹೊತ್ತದ್ದು ಅಂತ ಯಾವತ್ತೂ ಅಂದಿರಲಿಕ್ಕಿಲ್ಲ.

ಭೂದೇವಿ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತಳು. ಎರಡೂ ಬರಿಗಾಲನ್ನು ಕಲ್ಲಿಗೆ ಊರಿದಳು.

"ನಂದು," ಅಂದಳು.

"ಏನಂದ್ರಿ?"

"ಇನ್ನೊಮ್ಮೆ ಅನಬೇಕೇನ? ಜೋರಾಗಿ ಅನಬೇಕೇನ? ನಂದು. ಈ ಹಾಡ ನಂದು. ತಾಂಡೂರ ಗಣ್ಯಾಗ ಕಲ್ಲ ಹೊತ್ತ ಈಶಮ್ಮನ ಮಗಳು ಭೂದೇವಿ ಕಟ್ಟ್ಯಾಳ. ಮಾತೂ ನಂದು, ಧಾಟೀನೂ ನಂದು. ಯಾವ ಹಿರ್ಯಾರ ಬಾಯಿಂದನೂ ಬಿದ್ದಿಲ್ಲ. ನನ್ನ ಹೊಟ್ಟ್ಯಾಗಿಂದ ಬಂದದ."

"ಬಂದ್ ಮಾಡೋ," ಅಂದ ವೀರಶೆಟ್ಟಿ. ಸಾಯಪ್ಪ ಬಂದ್ ಮಾಡಿದ. ಕೆಂಪು ದೀಪ ಆರಿತು. ಭೂದೇವಿ ನಿಲ್ಲಿಸಲಿಲ್ಲ. ಮೂರನೆಯ ನುಡಿಯನ್ನು ಎತ್ತಿ, ಮುಖಕ್ಕೆ ಮುಖ ಕೊಟ್ಟು ಹಾಡಿದಳು. ತಲಿಮ್ಯಾಲ ಕುಂತಾಗ ಮೈಲಿಗಿ ಇರಲಿಲ್ಲ. ದನಿ ಎರಡು ಕಡೆ ಒಡೆಯಿತು. ಹಾಡು ಮುಗಿಸಿಯೇ ಎದ್ದಳು.

"ಒಂದ ಲಕ್ಷ ಬಿಟ್ಟ ಹೋಗ್ತೀರಿ," ಅಂದ ಅವನು. ಬೆಣ್ಣೆ ಕರಗಿ ಹೋಗಿತ್ತು. "ಕೋರ್ಟು ಅಂದ್ರ ಹತ್ತ ವರ್ಷ. ನಿಮ್ಮ ಹಳೇ ವಿಡಿಯೊ ನನ್ನ ಹತ್ರ ಅದ."

"ಇಟ್ಕೋ," ಅಂದಳು ಭೂದೇವಿ. "ಅದರಾಗ ನೀ ಎರಡ ಸಲ ಹೇಳಿಸಿದ್ದೂ ಕೇಳಿಸ್ತದ."

ಅವಳ ಚಹಾ ಮೇಜಿನ ಮೇಲೆ ಕೆನೆಗಟ್ಟಿತ್ತು. ಮೂವರೂ ಮೆಟ್ಟಿಲು ಇಳಿದರು.

ಬಸ್ಸಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಗಂಟಲು ಒಣಗಿತ್ತು. ರಜನಿ ನೀರು ಕೊಟ್ಟಳು, ಕುಡಿದಳು, ಮತ್ತೆ ಒಣಗಿತು. ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ಬಾಯಿ ಬಿಡಲಿಲ್ಲ. ಬಿಟ್ಟರೆ ಏನು ಬರುತ್ತದೋ, ಏನೂ ಬರುವುದಿಲ್ಲವೋ ಅಂತ ಹೆದರಿಕೆ. ಶಿಲ್ಪಾರಾಣಿ ಫೋನು ಮಾಡಿ ಕೇಸು ಹಾಕುತ್ತೇನೆ ಅಂದಾಗ ಹೂಂ ಅಂದಳು, ಅಷ್ಟೇ. ಅರ್ಜಿಯಲ್ಲಿ ಹಾಡು ಕಟ್ಟಿದವರು ಅಂತ ಒಂದು ಕಾಲಂ ಇರುತ್ತದಕ್ಕಾ, ನಿನ್ನ ಪೂರ್ತಿ ಹೆಸರು ಹೇಳು ಅಂದಳು ವಕೀಲೆ. ಭೂದೇವಿ ಫೋನನ್ನು ಮಗಳ ಕೈಗೆ ಕೊಟ್ಟಳು. ರಜನಿ ಹೇಳಿದಳು.

ಮರುದಿನ ಬೆಳಿಗ್ಗೆ ಶುಂಠಿ ಹೊಲ. ಇಬ್ಬನಿಗೆ ಮಣ್ಣು ತಣ್ಣಗಿತ್ತು. ಅರ್ಧ ಸಾಲು ಆಗುವಷ್ಟರಲ್ಲಿ ಬೆರಳು ಉರಿಯತೊಡಗಿದವು. ಹೆಂಗಸರಿಗೆ ಸುದ್ದಿ ಮುಟ್ಟಿತ್ತು. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಭೂದೇವಿ ಸಾಲಿನ ನಡುವೆ ನಿಂತಳು. ಕಿವಿ ಮುಟ್ಟಿಕೊಳ್ಳಲಿಲ್ಲ.

"ಇದು ನಾ ಕಟ್ಟೀನಿ," ಅಂದಳು.

ಬಾಯಿ ತೆರೆದಳು. ದನಿ ಬಂತು. ಮೊದಲ ಸಾಲಿಗೆ ಸ್ವಲ್ಪ ಒರಟಾಗಿ ಬಂತು, ಎರಡನೆಯ ಸಾಲಿಗೆ ಎಂದಿನಂತೆ ಬಂತು. ಹೋಗಿರಲಿಲ್ಲ. ಎಲ್ಲೂ ಹೋಗಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಆಗದು, ಕೈ ತುಂಬ ಶುಂಠಿಯ ರಸ. ಹಾಗೇ ಹಾಡಿದಳು. ಹೆಂಗಸರು ಹಿಂದಿನಿಂದ ಎತ್ತಿಕೊಂಡರು. ಮೂರನೆಯ ನುಡಿಯನ್ನು ಎಲ್ಲರೂ ಕೂಡಿ ಹಾಡಿದರು.

ಹಾಡು ಮುಗಿಯಿತು. ಗುದ್ದಲಿಯ ಸದ್ದು ಮಾತ್ರ ಉಳಿಯಿತು. ಆಗ ಪಕ್ಕದ ಸಾಲಿನಲ್ಲಿ ಸುಭದ್ರಮ್ಮ ಕೆಲಸ ನಿಲ್ಲಿಸಿದಳು. ಗಡ್ಡೆಯನ್ನು ಬುಟ್ಟಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದುಕೊಂಡಳು.

"ಭೂದೇವಿ, ಏನೂ ಆಗಲಿಲ್ಲಲ್ಲ ನಿನಗ?"

"ಇಲ್ಲ."

"ಗಂಟಲ ಗಿಂಟಲ ಹಿಡೀಲಿಲ್ಲಲ್ಲ?"

"ಇಲ್ಲವ್ವ. ಯಾಕ?"

ಸುಭದ್ರಮ್ಮ ಆಚೀಚೆ ನೋಡಿದಳು. ಕದ್ದ ಮಾಲು ಹಿಂದಕ್ಕೆ ಇಡುವವಳ ಹಾಗೆ ದನಿ ಇಳಿಸಿದಳು.

"ಆ ಕರಿ ಕಂಬಳಿ ಹಾಡ ಅದಲ್ಲ," ಅಂದಳು. "ಅದು ನಂದು. ನನ್ನ ಕೂಸು ಥಂಡ್ಯಾಗ ಸತ್ತಾಗ ಕಟ್ಟೀನಿ. ಇಪ್ಪತ್ತೆರಡ ವರ್ಷ ಆತು."

ಭೂದೇವಿ ಅವಳನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ಆ ಹಾಡನ್ನು ಅವಳೂ ಹಿಂದಿನಿಂದ ಎತ್ತಿ ಹಾಡಿದ್ದಳು. ಹಿರಿಯರದ್ದು ಅಂತಲೇ ತಿಳಿದಿದ್ದಳು. ಅವಳಿಗೆ ಹೊಸದೊಂದು ಅನುಮಾನ ಹುಟ್ಟಿತು. ಸಾಲಿನುದ್ದಕ್ಕೂ ಬಾಗಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅವರೂ ಕೆಲಸ ನಿಲ್ಲಿಸಿದ್ದರು.

"ಹಿಂಗ ಮತ್ಯಾರ್ಯಾರ ಹಾಡ ಅವ?" ಅಂದಳು ಭೂದೇವಿ. "ಹೇಳ್ರಿ."